ಆ ಎರಡು ಗೆರೆ ‘ಎಷ್ಟಾಯ್ತು’ ಎಂದು ಕೇಳುತ್ತಿಲ್ಲ

ಪತ್ರ: ಮಗಳು ಐದನೇ ಇಯತ್ತೆ. ಪರೀಕ್ಷೆಯಲ್ಲಿ 9 + 6 = □ + 7 ಎಂದು ಕೊಟ್ಟಿದ್ದರು. ಅವಳು 15 ಬರೆದಳು. ಟೀಚರ್ ತಪ್ಪು ಹಾಕಿದರು. 9ಕ್ಕೆ 6 ಕೂಡಿಸಿದರೆ 15 ಅಲ್ವಾ? ಅವರಪ್ಪ ಟ್ಯೂಷನ್ ಹಚ್ಚೋಣ ಎನ್ನುತ್ತಾರೆ. ಏನು ಮಾಡಲಿ?
– ತಾಯಿಯೊಬ್ಬರು, ಮುಧೋಳ

ಉತ್ತರ: ಅಕ್ಕಾವರೆ, ನಿಮ್ಮ ಮಗಳಿಗೆ ಕೂಡಿಸಲು ಚೆನ್ನಾಗಿಯೇ ಬರುತ್ತದೆ. ಆದರೆ ಅಲ್ಲಿ ಬರೆಯಬೇಕಿದ್ದದ್ದು 8. ಅವಳು ಎಡವಿದ್ದು ನಡುವಿನ ಆ ಎರಡು ಗೆರೆಗಳನ್ನು ಓದುವಲ್ಲಿ.

ಒಂದನೇ ಇಯತ್ತೆಯಿಂದ ಮಕ್ಕಳು ಮಾಡುವುದೆಲ್ಲ ಹೆಚ್ಚಾಗಿ ‘3 + 2 = ಎಷ್ಟು’ ಎಂಬಂಥ ಲೆಕ್ಕ. ಎಡಕ್ಕೆ ಕೆಲಸ, ಬಲಕ್ಕೆ ಉತ್ತರ. ಕ್ಯಾಲ್ಕ್ಯುಲೇಟರಿನಲ್ಲೂ ಆ ಗುಂಡಿ ಒತ್ತಿದರೆ ಉತ್ತರವೇ ಬರುತ್ತದೆ. ನಾಲ್ಕು ವರ್ಷ ಹೀಗೇ ನಡೆದರೆ ‘=’ ಅಂದರೆ ‘ಎಷ್ಟಾಯ್ತು, ಬರಿ’ ಎಂದು ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಪಕ್ಕದ 7 ಅವಳ ಕಣ್ಣಿಗೇ ಬೀಳುವುದಿಲ್ಲ. ಕೆಲವರು ಅದನ್ನೂ ಸೇರಿಸಿ 22 ಬರೆಯುತ್ತಾರೆ. ಅಮೆರಿಕದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ 8 + 4 = □ + 5 ಕೊಟ್ಟಿದ್ದರು. 1999ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಎಲ್ಲರೂ 12 ಇಲ್ಲವೇ 17 ಎಂದರು. 7 ಎಂದವರು ಒಬ್ಬರೂ ಇಲ್ಲ! ಇನ್ನು ನಿಮ್ಮ ಮಗಳನ್ನು ದಡ್ಡಿ ಎನ್ನುವುದು ಹೇಗೆ?

ನಮ್ಮ ಕಡೆ ಇದಕ್ಕೊಂದು ಚೆಂದದ ಮಾತಿದೆ: ಬರೋಬ್ಬರಿ. ಸಂತೆಯಲ್ಲಿ ಬೆಲ್ಲ ತೂಗುವಾಗ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ ಎರಡೂ ಬಾಜು ಬರೋಬ್ಬರಿ ಎನ್ನುತ್ತೇವೆ. ‘=’ ಹೇಳುವುದು ಅಷ್ಟೇ. ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಗುರುತು ತಂದಾಗ ಒಂದೇ ಉದ್ದದ ಎರಡು ಗೆರೆ ಎಳೆದ. ಅದಕ್ಕಿಂತ ಸಮವಾದ ಎರಡು ವಸ್ತು ಇರಲಾರವು ಎಂದ. ಅದಕ್ಕೂ ನಾಲ್ಕು ನೂರು ವರ್ಷ ಮೊದಲು ಭಾಸ್ಕರಾಚಾರ್ಯರಿಗೆ ಈ ಗುರುತೇ ಇರಲಿಲ್ಲ. ಲೆಕ್ಕದ ಸಮವಾದ ಎರಡು ಪಕ್ಷಗಳನ್ನು, ಅಂದರೆ ಎರಡು ಬಾಜುಗಳನ್ನು, ಒಂದರ ಕೆಳಗೊಂದು ಬರೆಯುತ್ತಿದ್ದರು. ಮೇಲಿನದೂ ಕೆಳಗಿನದೂ ಒಂದೇ ತೂಕ. ಅದರಲ್ಲಿ ‘ಉತ್ತರ ಬರಿ’ ಎಂಬ ಆಜ್ಞೆ ಎಲ್ಲಿದೆ?

ಈಗ ಮಗಳ ಲೆಕ್ಕಕ್ಕೆ ಬನ್ನಿ. ಒಂದು ತಟ್ಟೆಯಲ್ಲಿ 9 ಮತ್ತು 6. ಇನ್ನೊಂದರಲ್ಲಿ ಖಾಲಿ ಡಬ್ಬಿ ಮತ್ತು 7. ಕೂಡಿಸಲೇಬೇಡಿ, ಸುಮ್ನೆ ನೋಡಿ. 6ಕ್ಕಿಂತ 7 ಒಂದು ಜಾಸ್ತಿ. ಹಾಗಾದರೆ ಡಬ್ಬಿಯಲ್ಲಿ 9ಕ್ಕಿಂತ ಒಂದು ಕಡಿಮೆ ಇರಬೇಕು. 8! ಹೀಗೆ ನೋಡಲು ಕಲಿತ ಮಗು ಮುಂದೆ ಹೈಸ್ಕೂಲಿನಲ್ಲಿ ಬೀಜಗಣಿತಕ್ಕೆ ಹೆದರುವುದಿಲ್ಲ. ‘ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ’ ಎಂದು ಬಾಯಿಪಾಠ ಮಾಡುವುದು ಬೇಕಾಗುವುದಿಲ್ಲ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದೆವು, ಮುಳ್ಳು ಅಲುಗಲಿಲ್ಲ, ಅಷ್ಟೇ.

ದೊಡ್ಡವರೂ ಈ ಗುರುತಿಗೆ ಅನ್ಯಾಯ ಮಾಡುತ್ತೇವೆ. ಕಿರಾಣಿ ಚೀಟಿಯ ಹಿಂದೆ 40 + 25 = 65 + 10 = 75 ಎಂದು ನಾನೇ ಎಷ್ಟು ಸಲ ಬರೆದಿಲ್ಲ! 40 + 25 ಎಂದಾದರೂ 75 ಆದೀತೇ? ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.

ಟ್ಯೂಷನ್ ಹಚ್ಚಬೇಡಿ. ರಾತ್ರಿ ಊಟವಾದ ಮೇಲೆ ಪಾಟಿಯ ಮೇಲೆ 15 = 9 + 6 ಎಂದು ಬರೆಯಿರಿ. ‘ಇದು ತಿರುಗಾಮುರುಗಾ ಆಯ್ತು’ ಎಂದು ಅವಳು ಹೇಳಬಹುದು. ಆಗ 7 = 7 ಬರೆಯಿರಿ. ಆಮೇಲೆ 9 + 6 = 10 + 5. ಎಷ್ಟು ಎಂದು ಕೇಳಬೇಡಿ; ಬರೋಬ್ಬರಿ ಇದೆಯಾ ಇಲ್ಲವಾ ಎಂದು ಮಾತ್ರ ಕೇಳಿ. ನಡುವೆ ಒಂದು ತಪ್ಪು ಸಾಲನ್ನೂ ಸೇರಿಸಿ. ಎರಡು ದಿನ ಬಿಟ್ಟು ಅವಳೇ ಡಬ್ಬಿ ಇಟ್ಟು ಲೆಕ್ಕ ಮಾಡಲಿ, ನೀವೂ ಅವರಪ್ಪನೂ ಬಿಡಿಸಿ. ಅವಳು ಮಾಡಿದ ಲೆಕ್ಕಗಳನ್ನು ನಮಗೂ ಕಳಿಸಿ.