ರೊಟ್ಟಿ ಗಂಟಿನ ಜೊತಿಗೆ ಒಂದು ನೋಟ್‌ಬುಕ್ಕೂ ಇರ್ಲಿ

ಹೋದ ಸಂಚಿಕೆಯೊಳಗ ನಾ ಕಿರ್ಗಿಸ್ತಾನದ ಬಿಷ್ಕೆಕ್‌ನಾಗ ಮೆಡಿಕಲ್ ಓದಿದ ದಿನಗಳ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರ್ದಿದ್ದೆ. 2013ಕ್ಕ ಹೋಗಿ 2019ಕ್ಕ ವಾಪಸ್ ಬಂದಾಕಿ ನಾನು, ಈಗ ರಾಯಚೂರಿನಾಗ ಪ್ರಾಕ್ಟೀಸ್ ಮಾಡ್ತೀನಿ. ಅದಕ್ಕ ಇಷ್ಟು ಪತ್ರ ಬರ್ತಾವ ಅನ್ಕೊಂಡಿರ್ಲಿಲ್ಲ. ಎಲ್ಲಾದಕ್ಕೂ ಉತ್ತರ ಬರೆಯೋಕ ಜಾಗ ಸಾಲಲ್ಲ, ನಾಕು ಪತ್ರ ತೊಗೊಂಡೀನಿ.

ಪ್ರಶ್ನೆ: ಡಾಕ್ಟರ್ ಅಕ್ಕಾರ, ನಾನು ಈ ಸೆಪ್ಟೆಂಬರ್‌ಗೆ ಬಿಷ್ಕೆಕ್‌ಗೆ ಹೊಂಟೀನ್ರಿ. ನೀಟ್ ಪಾಸ್ ಆಗೇತಿ ಆದ್ರ ಕಲ್ಯಾಣ ಕರ್ನಾಟಕದವರ 371ಜೆ ಕೋಟಾದಾಗೂ ಗೌರ್ಮೆಂಟ್ ಸೀಟಿನ ಕಟ್‌ಆಫ್ ಮುಟ್ಲಿಲ್ಲ, ಪ್ರೈವೇಟ್ ಫೀ ಕಟ್ಟೋ ಶಕ್ತಿ ಮನ್ಯಾಗಿಲ್ಲ. ಅಲ್ಲಿ ದಿನಾ ಹೆಂಗಿರ್ತೈತಿ, ಚಳಿ ತಡಕೊಳ್ಳಾಕ ಆಗ್ತೈತೇನ್ರಿ? ಅವ್ವ ಬಾಳ ಚಿಂತಿ ಮಾಡಾಕತ್ತಾಳ.
(ವಿದ್ಯಾರ್ಥಿನಿ, ಗಂಗಾವತಿ)

ತಂಗಿ, ಮೊದಲು ಅವ್ವಗ ಇದನ್ನ ಹೇಳು, ಬಿಷ್ಕೆಕ್ ಟೈಮು ನಮಗಿಂತ ಬರೇ ಅರ್ಧ ತಾಸು ಮುಂದ ಅದ. ಆಕಿ ರಾತ್ರಿ ಒಂಬತ್ತಕ್ಕ ಊಟ ಮುಗಿಸಿ ಫೋನ್ ಹಚ್ಚಿದ್ರ ನಿನಗ ಒಂಬತ್ತೂವರಿ. ನಡುರಾತ್ರಿ ಎದ್ದು ಕೂಡೋ ಪ್ರಮೇಯ ಇಲ್ಲ.

ಚಳಿ ಬಗ್ಗೆ ಎಲ್ರೂ ಕೇಳ್ತಾರ. ನಾವು ಮೇ ತಿಂಗಳಾಗ 42, 43 ಡಿಗ್ರಿ ಬಿಸಿಲಾಗ ಬೆಳದೋರು, ಅಲ್ಲಿ ಜನವರಿ ರಾತ್ರಿ ಮೈನಸ್ 10, ಮೈನಸ್ 15 ತನಕ ಇಳೀತದ. ಆದ್ರ ನನಗ ಕಷ್ಟ ಆಗಿದ್ದು ಚಳಿಗಿಂತ ಕತ್ತಲಿ. ಡಿಸೆಂಬರ್‌ನಾಗ ಬೆಳಗ್ಗೆ ಎಂಟಾದ್ರೂ ಬೆಳಕು ಹರದಿರಲ್ಲ, ಕ್ಲಾಸು ಅಷ್ಟೊತ್ತಿಗೇ ಶುರು, ಕತ್ತಲಾಗ ಎದ್ದು ಕತ್ತಲಾಗ ಬಸ್ ಹಿಡಿಯೋದು. ಮೊದಲ ವರ್ಷ ಅದಕ್ಕ ಒಗ್ಗೋಕ ನನಗ ಎರಡು ತಿಂಗಳು ಹಿಡೀತು. ಕೋಣಿಯೊಳಗ ಮಾತ್ರ ಬೆಚ್ಚಗಿರ್ತದ, ಊರಿಗೆಲ್ಲ ಒಂದೇ ಕಡೆಯಿಂದ ಬಿಸಿನೀರು ಪೈಪಿನಾಗ ಬಂದು ಗೋಡಿ ಪಕ್ಕದ ರೇಡಿಯೇಟರ್ ಕಾಯ್ತದ, ಒಳಗ ಟೀ ಶರ್ಟ್ ಮ್ಯಾಲೇ ಕೂಡಬಹುದು. ಜಾಕೆಟ್ ಬೂಟು ಇಲ್ಲಿ ತೊಗೊಂಡು ದುಡ್ಡು ಹಾಳ ಮಾಡ್ಕೋಬ್ಯಾಡ, ಅಲ್ಲಿ ದೊರ್ದೋಯ್ ಬಜಾರ್ ಅಂತ ಅದ, ಹಡಗಿನ ಕಂಟೇನರ್ ಒಂದರ ಮ್ಯಾಲೊಂದು ಇಟ್ಟು ಮಾಡಿದ ಸಂತಿ, ಅಲ್ಲಿನ ಚಳಿಗೆ ಬೇಕಾದ ಸಾಮಾನು ಎಲ್ಲಾ ಅಲ್ಲೇ ಸಿಗ್ತದ. ಬೂಟು ತೊಗೊಳ್ಳುವಾಗ ಅಡಿ ನೋಡು, ನುಣ್ಣಗಿದ್ರ ಬ್ಯಾಡ, ಹಿಮ ಗಟ್ಟಿಯಾಗಿ ಗಾಜಿನಂಗ ಆದ ರೋಡಿನ ಮ್ಯಾಲೆ ಹೊಸಬರು ಜಾರಿ ಬೀಳೋದೇ ಜಾಸ್ತಿ. ಚಳಿಗಾಲದಾಗ ಕಲ್ಲಿದ್ದಲ ಹೊಗಿನೂ ಊರ ಮ್ಯಾಲೆ ಕುಂತಿರ್ತದ, ಆಸ್ತಮಾ ಇದ್ರ ಇನ್‌ಹೇಲರ್ ಒಯ್ಯೋದು ಮರೀಬ್ಯಾಡ.

ಕ್ಲಾಸು ಅಂದ್ರ ನಮ್ಮ ಪಿಯು ಕಾಲೇಜಿನಂಗ ನೂರು ಮಂದಿ ಕುಂತು ಕೇಳೋದಲ್ಲ. ಲೆಕ್ಚರ್ ಬ್ಯಾರೆ, ಅದರ ಜೊತಿಗೆ ಹತ್ತು ಹದಿನೈದು ಮಂದಿ ಒಂದು ಗ್ರೂಪು, ಟೀಚರ್ ಪ್ರತಿ ದಿನಾ ಪ್ರತಿಯೊಬ್ಬರನ್ನೂ ಎಬ್ಬಿಸಿ ಕೇಳ್ತಾರ, ಹಿಂದ ಕುಂತು ತಪ್ಪಿಸಿಕೊಳ್ಳೋಕ ಆಗಲ್ಲ. ಬಿಳಿ ಕೋಟಿಗೆ ಖಲಾತ್ ಅಂತಾರ, ಅದು ಇಲ್ಲಂದ್ರ ಬಾಗಿಲಿನಿಂದಲೇ ವಾಪಸ್. ಒಂದು ಕ್ಲಾಸ್ ತಪ್ಪಿದ್ರ ಅತ್ರಬೋತ್ಕಾ, ಅಂದ್ರ ತಪ್ಪಿದ ಪಾಠ ಓದ್ಕೊಂಡು ಹೋಗಿ ಟೀಚರ್ ಮುಂದ ಒಪ್ಪಿಸಿ ಬಾಕಿ ತೀರಿಸಬೇಕು, ಅದು ತೀರದೇ ಪರೀಕ್ಷಿಗೆ ಬಿಡಲ್ಲ. ಜ್ವರ ಬಂದಿತ್ತು ಅಂದ್ರೂ ಬಿಡಲ್ಲ. ಮೊದಲ ವರ್ಷ ಲ್ಯಾಟಿನ್ ಒಂದು ಸಬ್ಜೆಕ್ಟೇ ಇರ್ತದ, ಅಯ್ಯೋ ಇದ್ಯಾಕ ಅನ್ನಿಸಿತ್ತು, ಅನಾಟಮಿ ಹೆಸರೆಲ್ಲ ಅದರಾಗೇ ಇರೋದು ಗೊತ್ತಾದ ಮ್ಯಾಲೆ ಪ್ರೀತಿ ಬಂತು. ಹಿಸ್ಟಾಲಜಿಗೆ ಡ್ರಾಯಿಂಗ್ ಆಲ್ಬಮ್, ಮೈಕ್ರೋಸ್ಕೋಪ್‌ನಾಗ ಕಂಡಿದ್ದನ್ನ ಬಣ್ಣದ ಪೆನ್ಸಿಲ್‌ನಾಗ ಬರೀಬೇಕು, ಜೀವಕೋಶದ ಒಳಗಿನ ಬೀಜ ನೇರಳೆ, ಸುತ್ತಲಿಂದು ಗುಲಾಬಿ. ನಮ್ಮ ಹಾಸ್ಟೆಲ್‌ನಾಗ ಗುಲಾಬಿ ಪೆನ್ಸಿಲ್ಲೇ ಎಲ್ಲರದೂ ಮೊದಲು ಮುಗೀತಿತ್ತು, ಇಲ್ಲಿಂದ ಒಂದು ಡಜನ್ ಬರೇ ಆ ಎರಡು ಬಣ್ಣದ್ದೇ ಒಯ್ಯಿ.

ಪರೀಕ್ಷಿ ಬಾಯಿಮಾತಿಂದು. ಟೇಬಲ್ ಮ್ಯಾಲೆ ಚೀಟಿ ಬೋರಲು ಹಾಕಿರ್ತಾರ, ಬಿಲೆತ್ ಅಂತಾರ ಅದಕ್ಕ, ಒಂದು ಎತ್ತಬೇಕು, ಅದರಾಗ ಬಂದ ಪ್ರಶ್ನೆಗೆ ಸ್ವಲ್ಪ ಹೊತ್ತು ಕುಂತು ಯೋಚನೆ ಮಾಡಿ ಎದುರಿಗೆ ಹೋಗಿ ಹೇಳೋದು. ಐದು ಅಂದ್ರ ಫಸ್ಟ್‌ಕ್ಲಾಸು, ಮೂರು ಅಂದ್ರ ಪಾಸು, ಎರಡು ಬಂದ್ರ ಫೇಲು.

ಈಗ ನಾ ನಿನಗ ನಿಜವಾಗಿ ಹೇಳಬೇಕಂತಿರೋದು. ಪಾಠ ಇಂಗ್ಲಿಷಿನಾಗ ಇರ್ತದ, ಪೇಷಂಟು ಇಂಗ್ಲಿಷಿನಾಗ ಇರಲ್ಲ, ಅವರು ಮಾತಾಡೋದು ರಷ್ಯನ್ ಇಲ್ಲಾ ಕಿರ್ಗಿಜ್. ನಾನು ಮೊದಲ ಎರಡು ವರ್ಷ ರಷ್ಯನ್ ಕ್ಲಾಸಿಗೆ ಪಾಸ್ ಆಗೋಷ್ಟು ಓದಿ ಬಿಟ್ಟೆ, ಹಾಸ್ಟೆಲ್‌ನಾಗ ಎಲ್ಲಾ ನಮ್ಮವರೇ, ಮೆಸ್‌ನಾಗ ಅನ್ನ ಸಾರು, ಅಂಗಡಿಗೆ ಹೋದ್ರ ಬೆರಳು ತೋರ್ಸಿದ್ರ ಸಾಕು, ಯಾಕ ಬೇಕು ಅನ್ಕೊಂಡಿದ್ದೆ. ಮೂರನೇ ವರ್ಷ ವಾರ್ಡ್‌ಗೆ ಹಾಕಿದ್ರು. ಮೊದಲ ದಿನ ನಮ್ಮ ಗ್ರೂಪಿಗೆ ಕೊಟ್ಟಿದ್ದು ಒಬ್ಬ ಮುದುಕಿ, ಬಿಳಿ ಸ್ಕಾರ್ಫ್ ಕಟ್ಟಿದ್ದಳು, ಹಳ್ಳಿಯಾಕಿ, ಆಕಿಗೆ ರಷ್ಯನ್ ಕೂಡ ಅಷ್ಟಕ್ಕಷ್ಟೇ, ಕಿರ್ಗಿಜ್ ಭಾಷೆಯೊಳಗ ನನ್ನ ಕೈ ಹಿಡ್ಕೊಂಡು ಐದು ನಿಮಿಷ ಹೇಳಿದಳು. ಟೀಚರ್ ಕೇಳಿಸ್ಕೊಂಡು ಇಂಗ್ಲಿಷಿನಾಗ ಒಂದೇ ಮಾತು ಹೇಳಿದ್ರು, ಉಸಿರಾಟದ ತೊಂದ್ರಿ. ನಾವು ಹನ್ನೆರಡು ಮಂದಿ ಅದನ್ನೇ ಬರ್ಕೊಂಡ್ವಿ. ಐದು ನಿಮಿಷ ಹೇಳಿದ್ದು ಒಂದು ಮಾತಿಗೆ ಹೆಂಗ ಮುಗೀತು ಅಂತ ನನಗ ತೆಲಿಯೊಳಗ ಕೊರಿಯೋಕ ಹತ್ತಿತು. ಕ್ಲಾಸ್ ಬಿಟ್ಟ ಮ್ಯಾಲೆ ಅಲ್ಲಿದ್ದ ನರ್ಸ್ ಹತ್ರ ಹೋಗಿ ಕೈಸನ್ನಿ, ಮೊಬೈಲ್ ಡಿಕ್ಷನರಿ ಎಲ್ಲಾ ಸೇರಿಸಿ ಕೇಳಿದೆ. ಆಕಿ ವಾರ್ಡಿನ ದಿಂಬು ಎತ್ತಿ ಒಂದರ ಮ್ಯಾಲೊಂದು ಮೂರು ಇಟ್ಟು, ಒರಗಿ ಕಣ್ಮುಚ್ಚಿ ತೋರಿಸಿದಳು. ಒಂದು ತಿಂಗಳಿಂದ ಮುದುಕಿ ಮಲಗೇ ಇಲ್ಲ, ಮೂರು ದಿಂಬಿಗೆ ಒರಗಿ ಕುಂತೇ ನಿದ್ದಿ ಮಾಡ್ತಾಳ. ಮಲಗಿದ್ರ ಉಸಿರು ಕಟ್ತದ ಅಂದ್ರ ಹಾರ್ಟ್ ಸೋಲಾಕ ಹತ್ತಿರಬಹುದು ಅನ್ನೋದಕ್ಕ ದೊಡ್ಡ ಸುಳಿವು ಅದು, ಪುಸ್ತಕದಾಗ ನಾ ಅದನ್ನ ಓದಿದ್ದೆ, ಕೈ ಹಿಡ್ಕೊಂಡು ಹೇಳಿದ್ರೂ ತಿಳೀಲಿಲ್ಲ.

ಅವತ್ತೇ ಒಂದು ಸಣ್ಣ ನೋಟ್‌ಬುಕ್ ತೊಗೊಂಡೆ. ಮೊದಲ ಹಾಳಿಯೊಳಗ ಬರ್ದಿದ್ದು ಕನ್ನಡ ಅಕ್ಷರದಾಗೇ, ಗ್ದೇ ಬಲೀತ್ ಅಂದ್ರ ಎಲ್ಲಿ ನೋಯ್ತದ, ದವ್ನೋ ಅಂದ್ರ ಭಾಳ ದಿನದಿಂದನಾ, ದಿಶೀತೆ ಅಂದ್ರ ಉಸಿರಾಡ್ರಿ, ಸ್ಕೋಲ್ಕ ಪದೂಶೆಕ್ ಅಂದ್ರ ಎಷ್ಟು ದಿಂಬು. ಕಿರ್ಗಿಜ್‌ನಾಗ ಅಪಾ ಅಂದ್ರ ತಾಯಿ, ವಯಸ್ಸಾದ ಹೆಣ್ಮಕ್ಕಳಿಗೆ ಹಂಗ ಕರೀತಾರ, ಎಜೆ ಅಂದ್ರ ಅಕ್ಕ, ರಹ್ಮತ್ ಅಂದ್ರ ಥ್ಯಾಂಕ್ಸ್. ಅಪಾ ಅನ್ನೋದು ನಮ್ಮ ಕಿವಿಗೆ ಅಪ್ಪ ಅಂದಂಗ ಕೇಳ್ತದ, ತಾಯಿಗೆ ಅಪ್ಪ ಅಂತ ಕರದಂಗಾಗಿ ಮೊದಲು ಬಾಯಿ ತಡವರಿಸ್ತಿತ್ತು. ಆದ್ರ ಅಪಾ ಅಂತ ಕರೆದ ದಿನ ಆ ಮುದುಕಿ ಎದ್ದು ಕುಂತು ತನ್ನ ಚೀಲದಿಂದ ಸೇಬು ತಗದು ಕೊಟ್ಟಳು. ದಿನಕ್ಕ ಐದು ಪದ, ಅದಕ್ಕಿಂತ ಜಾಸ್ತಿ ಬ್ಯಾಡ, ಆದ್ರ ಹೋದ ಮೊದಲ ದಿನದಿಂದ. ಈಗ ನನ್ನ ಹತ್ರ ಮಾನ್ವಿ, ದೇವದುರ್ಗ ಕಡೆ ಹಳ್ಳಿ ಮಂದಿ ಬರ್ತಾರ, ಎಷ್ಟು ದಿಂಬು ಇಟ್ಕೊಂತೀರಿ ಅಂದ್ರ ದಿಂಬೆಲ್ಲಿದ್ದಾವ್ರಿ ನಮ್ಮನಿಯಾಗ ಅಂತಾರ, ಅದಕ್ಕ ಕೌದಿ ಎಷ್ಟು ಮಡಿಕಿ ಮಡಚಿ ಇಟ್ಕೊಂತೀರಿ ಅಂತ ಕೇಳ್ತೀನಿ. ಹಿಂಗ ಕೇಳೋದನ್ನ ನಾ ಕಲ್ತಿದ್ದು ಬಿಷ್ಕೆಕ್ ವಾರ್ಡ್‌ನಾಗ.

ಪ್ರಶ್ನೆ: ಮೇಡಮ್ಮಾರ, ನಾನು ರೈತ, ನಾಕು ಎಕರೆ ಭತ್ತದ ಗದ್ದಿ ಅದ. ಮಗನ್ನ ಹೊರದೇಶಕ್ಕ ಕಳಸ್ಬೇಕಂತ ಮಾಡೀವಿ. ಏಜೆಂಟ್ ಐದು ವರ್ಷದಾಗ ಡಾಕ್ಟರ್ ಆಗಿ ಬರ್ತಾನ, ಭಾಷೆ ಟೆನ್ಷನ್ ಇಲ್ಲ, ಎಲ್ಲಾ ನಾವು ನೋಡ್ಕೊಂತೀವಿ ಅಂತಾನ. ಸಾಲ ಮಾಡೋಕಿಂತ ಮೊದಲು ಏನು ಕೇಳಬೇಕು?
(ಒಬ್ಬ ತಂದೆ, ಸಿಂಧನೂರು ತಾಲೂಕು)

ಅಣ್ಣಾರ, ಐದು ವರ್ಷದ ಲೆಕ್ಕ ನಂಬಬ್ಯಾಡ್ರಿ. ನಾ ಓದುವಾಗ ನಿಯಮ ಬ್ಯಾರೆ ಇತ್ತು, 2021ರ ನವೆಂಬರ್ 18ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನಿಯಮ ಬಂದದ. ಕೋರ್ಸು ಕಮ್ಮಿ ಅಂದ್ರೂ 54 ತಿಂಗಳು, ಅದರ ಮ್ಯಾಲೆ ಅದೇ ಕಾಲೇಜಿನಾಗ 12 ತಿಂಗಳು ಇಂಟರ್ನ್‌ಶಿಪ್, ವಾಪಸ್ ಬಂದ ಮ್ಯಾಲೆ ಇಲ್ಲಿ ಮತ್ತ 12 ತಿಂಗಳು. ಅಲ್ಲಿಗೇ ಆರೂವರೆ ವರ್ಷ ಆತು, ನಡುವ ಇಲ್ಲಿನ ಪರೀಕ್ಷಿ ಬ್ಯಾರೆ. ಶುರು ಮಾಡಿದ ದಿನದಿಂದ 10 ವರ್ಷದೊಳಗ ಎಲ್ಲಾ ಮುಗೀಬೇಕು. ಪಾಠ ಇಂಗ್ಲಿಷಿನಾಗ ಇರಬೇಕು, ಮತ್ತ ಆ ಡಿಗ್ರಿಗೆ ಆ ದೇಶದಾಗ ಅಲ್ಲಿಯವರಿಗೆ ಕೊಡೋ ಲೈಸೆನ್ಸೇ ಸಿಗೋ ಹಂಗಿರಬೇಕು. ಈ ಕೊನೇದನ್ನ ಏಜೆಂಟ್ ಬಾಯಿಬಿಟ್ಟು ಹೇಳಲ್ಲ, ನೀವೇ ಕೇಳ್ರಿ, ಬರವಣಿಗಿಯೊಳಗ ಕೊಡು ಅನ್ರಿ.

ಹೊರದೇಶದಾಗ ಓದಿದವರು ಇಲ್ಲಿ ಲೈಸೆನ್ಸ್‌ಗೆ ಬರೀಬೇಕಾದ ಪರೀಕ್ಷಿಗೆ ಎಫ್‌ಎಂಜಿಇ ಅಂತಾರ, ವರ್ಷಕ್ಕ ಎರಡು ಸಲ, 300 ಪ್ರಶ್ನೆ, ಪಾಸ್ ಆಗೋಕ 150 ಸರಿ ಇರಬೇಕು. ಇತ್ತೀಚಿಗೆ 100 ಮಂದಿ ಬರೆದ್ರ ಪಾಸ್ ಆಗೋರು ಹೆಚ್ಚು ಕಮ್ಮಿ 20ರಿಂದ 30 ಮಂದಿ. ಹೆದರಸ್ಬೇಕಂತ ಹೇಳ್ತಿಲ್ಲ, ನಾನೂ ಮೊದಲ ಸಲ ಫೇಲ್ ಆಗಿ ಎರಡನೇ ಸಲಕ್ಕ ಪಾಸ್ ಆದಾಕಿ, ಆ ಆರು ತಿಂಗಳು ಮನಿಯಾಗ ಕುಂತು ಓದೋವಾಗ ಅಪ್ಪನ ಮುಖ ನೋಡೋಕ ಆಗ್ತಿರ್ಲಿಲ್ಲ. ಸಾಲದ ಕಂತು ಯಾವಾಗ ಶುರು ಆಗ್ತದ ಅನ್ನೋದನ್ನ ಬ್ಯಾಂಕಿನವರ ಜೊತಿ ಈ ಲೆಕ್ಕ ಇಟ್ಕೊಂಡು ಮಾತಾಡ್ರಿ. ಫೀ ದುಡ್ಡು ಏಜೆಂಟ್ ಕೈಯಾಗ ಕೊಡಬ್ಯಾಡ್ರಿ, ಯೂನಿವರ್ಸಿಟಿ ಅಕೌಂಟಿಗೇ ಬ್ಯಾಂಕಿನಿಂದ ಹೋಗ್ಲಿ, ರಸೀದಿ ನಿಮ್ಮ ಹತ್ರ ಇರ್ಲಿ. ಮಗ ಅಲ್ಲಿ ಇಳದ ವಾರದಾಗೇ ನಮ್ಮ ರಾಯಭಾರ ಕಚೇರಿಯೊಳಗ ಹೆಸರು ನೋಂದಾಯಿಸ್ಬೇಕು. 2024ರ ಮೇ ತಿಂಗಳಾಗ ಬಿಷ್ಕೆಕ್‌ನಾಗ ಒಂದು ರಾತ್ರಿ ಗುಂಪು ಕೂಡಿ ವಿದೇಶಿ ಹುಡುಗರ ಹಾಸ್ಟೆಲ್ ಮ್ಯಾಲೆ ದಾಳಿ ಮಾಡಿದ್ರು. 2022ರ ಮಾರ್ಚ್ 1ಕ್ಕ ಯುಕ್ರೇನ್ ಯುದ್ಧದಾಗ, ಖಾರ್ಕಿವ್‌ನಾಗ ತೀರಿಹೋದ ನಮ್ಮ ಹಾವೇರಿ ಜಿಲ್ಲೆ ಹುಡುಗನ್ನ ನೆನಸ್ಕೊಂಡ್ರ ಈಗಲೂ ಹೊಟ್ಯಾಗ ಕಲಸಿದಂಗ ಆಗ್ತದ. ಅಂಥಾ ಹೊತ್ತಿನಾಗ ಯಾರು ಎಲ್ಲಿದ್ದಾರ ಅಂತ ಕಚೇರಿಗೆ ಗೊತ್ತಿರಬೇಕು.

ಭಾಷೆ ಟೆನ್ಷನ್ ಇಲ್ಲ ಅನ್ನೋ ಮಾತಿಗೆ ಮ್ಯಾಲಿನ ಉತ್ತರ ಓದ್ರಿ, ಮಗನಿಗೂ ಓದಿಸ್ರಿ.

ಪ್ರಶ್ನೆ: ಅಕ್ಕಾ, ನಾನು ಅಲ್ಲೇ ಸೆಕೆಂಡ್ ಇಯರ್. ಎರಡು ಸಬ್ಜೆಕ್ಟ್‌ನಾಗ ಎರಡು ಬಂದೈತಿ, ಅತ್ರಬೋತ್ಕಾ ಒಂಬತ್ತು ಬಾಕಿ. ಮನ್ಯಾಗ ಹೇಳಿಲ್ಲ, ರಾತ್ರಿ ನಿದ್ದಿ ಬರವಲ್ದು. ಬ್ಯಾರೆ ದೇಶದ ಕಾಲೇಜಿಗೆ ಟ್ರಾನ್ಸ್‌ಫರ್ ತೊಗೊಂಡ್ರ ಹೆಂಗ?
(ವಿದ್ಯಾರ್ಥಿ, ಊರು ಸಿರುಗುಪ್ಪ)

ತಮ್ಮಾ, ಟ್ರಾನ್ಸ್‌ಫರ್ ವಿಚಾರ ಇವತ್ತೇ ಬಿಡು. ಇಡೀ ಕೋರ್ಸು, ಇಂಟರ್ನ್‌ಶಿಪ್ ಒಂದೇ ಕಾಲೇಜಿನಾಗ ಆಗಬೇಕು ಅಂತ ನಿಯಮ ಹೇಳ್ತದ, ನಡುವ ಬದಲಿಸಿದ್ರ ಇಲ್ಲಿ ಬಂದು ಲೈಸೆನ್ಸ್ ಇಲ್ಲದೇ ಸುಮ್ನ ಕುಂದ್ರಬೇಕಾಗ್ತದ. ಬ್ಯಾರೆ ಕಡೆ ಕರ್ಕೊಂಡು ಹೋಗ್ತೀನಿ ಅನ್ನೋರು ಕಮಿಷನ್ ಸಲುವಾಗಿ ಹೇಳ್ತಿರ್ತಾರ.

ನನಗ ಸೆಕೆಂಡ್ ಇಯರ್ ಬಯೋಕೆಮಿಸ್ಟ್ರಿಯೊಳಗ ಎರಡು ಬಂದಿತ್ತು. ನಾಕು ತಿಂಗಳು ಅಪ್ಪಗ ಎಲ್ಲಾ ಪಾಸು ಅಂತ ಸುಳ್ಳು ಹೇಳಿದೆ. ದಿನಾ ಫೋನ್ ಬಂದಾಗ ಹೊಟ್ಟಿಯೊಳಗ ಕಲ್ಲು ಬಿದ್ದಂಗ ಆಗ್ತಿತ್ತು, ಆಮೇಲೆ ಫೋನ್ ಎತ್ತೋದೇ ಕಮ್ಮಿ ಮಾಡಿದೆ, ಅವ್ವ ಇನ್ನೂ ಗಾಬರಿ ಆದಳು. ಕಡಿಗೆ ಒಂದಿನ ಹೇಳಿಬಿಟ್ಟೆ. ಅಪ್ಪ ಸುಮ್ಮನಿದ್ದ, ಫೋನಿನಾಗ ಬರೇ ಹೊಲದ ಪಂಪ್‌ಸೆಟ್ ಸಪ್ಪಳ ಕೇಳ್ತಿತ್ತು, ಆಮೇಲೆ ಮತ್ತ ಯಾವಾಗ ಅದ ಪರೀಕ್ಷಿ ಅಂತ ಕೇಳಿದ. ಅಷ್ಟೇ ಕೇಳಿದ್ದು. ಆ ರಾತ್ರಿ ನಾ ನಾಕು ತಿಂಗಳ ನಿದ್ದಿ ಮಾಡಿದೆ.

ನೀನು ಈ ಭಾನುವಾರ ಹೇಳು. ಅಪ್ಪಗ ಹೇಳೋಕ ಬಾಯಿ ಬರ್ಲಿಲ್ಲಂದ್ರ ಅಕ್ಕಗೋ ಮಾವಗೋ ಮೊದಲು ಹೇಳಿ ಅವರನ್ನ ಪಕ್ಕದಾಗ ಕೂಡಿಸ್ಕೊಂಡು ಫೋನ್ ಮಾಡು. ಒಂಬತ್ತು ಅತ್ರಬೋತ್ಕಾ ಅಂದ್ರ ವಾರಕ್ಕ ಎರಡು, ಒಂದು ತಿಂಗಳ ಮ್ಯಾಲೆ ಒಂದು ವಾರ ಆದ್ರ ಎಲ್ಲಾ ಮುಗೀತಾವ, ಟೀಚರ್ ಕೋಣಿ ಮುಂದ ನಿಲ್ಲೋಕ ನಾಚಬ್ಯಾಡ, ಬಾಕಿ ತೀರಸೋಕ ಬಂದ ಹುಡುಗರನ್ನ ಬೈದ್ರೂ ಕೇಳ್ತಾರ. ಇಷ್ಟಾದ ಮ್ಯಾಲೂ ನಿದ್ದಿ ಬರ್ಲಿಲ್ಲಂದ್ರ ಅದಕ್ಕೂ ಡಾಕ್ಟರ್ ಇದ್ದಾರ, ತೋರಿಸ್ಕೋ, ಸೀನಿಯರ್ ಒಬ್ಬರನ್ನ ಜೊತಿಗೆ ಕರ್ಕೊಂಡು ಹೋಗು, ಒಬ್ಬನೇ ಕೋಣಿಯೊಳಗ ಇರಬ್ಯಾಡ. ನನಗ ಇನ್ನೊಂದು ಪತ್ರ ಬರಿ, ಹೇಳಿದ ಮ್ಯಾಲೆ ಏನಾತು ಅಂತ. ಕಾಯ್ತಿರ್ತೀನಿ.

ಪ್ರಶ್ನೆ: ಮಗಳು ಹೋಗಾಕಿದ್ದಾಳ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಜೋಳದ ರೊಟ್ಟಿ, ಮಾವಿನಕಾಯಿ ಉಪ್ಪಿನಕಾಯಿ ಕಳಸಬಹುದೇನವ್ವಾ? ರೊಟ್ಟಿ ಮುರದು ಹೋಗ್ತಾವೇನೋ.
(ಒಬ್ಬ ತಾಯಿ, ಮಾನ್ವಿ)

ಚಟ್ನಿಪುಡಿ ಎಷ್ಟಾದ್ರೂ ಕಳಸ್ರಿ ಅಮ್ಮಾ, ಕೆಡಲ್ಲ, ಓದೋ ರಾತ್ರಿಗೆ ಅನ್ನಕ್ಕ ಅದೇ ಆಸರ. ಎಣ್ಣಿ ಉಪ್ಪಿನಕಾಯಿ ಮಾತ್ರ ಕೈಚೀಲದಾಗ ಇಡಬ್ಯಾಡ್ರಿ, ಏರ್‌ಪೋರ್ಟ್‌ನಾಗ ತಗಸ್ತಾರ, ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕಿ ಬಾಯಿಗೆ ಟೇಪ್ ಸುತ್ತಿ ದೊಡ್ಡ ಸೂಟ್‌ಕೇಸ್‌ನಾಗ ಬಟ್ಟಿ ನಡುವ ಇಡ್ರಿ. ಅಕ್ಕಿ, ಉಳ್ಳಾಗಡ್ಡಿ, ಗಜ್ಜರಿ, ಆಲೂಗಡ್ಡಿ ಎಲ್ಲಾ ಅಲ್ಲಿ ಬಜಾರ್‌ನಾಗ ಸಿಗ್ತದ, ಅವನ್ನ ಹೊರಸಬ್ಯಾಡ್ರಿ. ಮಾಂಸ ತಿನ್ನಲ್ಲಂದ್ರ ಬೆಜ್ ಮ್ಯಾಸ ಅನ್ನೋದನ್ನ ಕಲಿಸಿ ಕಳಸ್ರಿ, ಮಾಂಸ ಇಲ್ಲದ್ದು ಅಂತ ಅರ್ಥ, ಅಲ್ಲಿ ಕುದುರಿ ಮಾಂಸನೂ ತಿಂತಾರ, ಕೇಳದೇ ತಿನ್ನೋದು ಬ್ಯಾಡ. ರೊಟ್ಟಿ ಕಟಕಾಗಿ ಸುಟ್ಟು, ಹಳೇ ಕಾಟನ್ ಸೀರಿ ತುಂಡಿನಾಗ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕ್ರಿ. ನಮ್ಮವ್ವ ಕೊಟ್ಟ ಐವತ್ತು ರೊಟ್ಟಿಯೊಳಗ ಬಿಷ್ಕೆಕ್ ಮುಟ್ಟೋದ್ರಾಗ ಇಡೀ ಉಳದಿದ್ದು ಆರೋ ಏಳೋ. ಮಿಕ್ಕಿದ್ದು ಎಲ್ಲಾ ಚೂರು. ಅಲ್ಲಿ ಐರಾನ್ ಅಂತ ಹುಳಿ ಮೊಸರು ಸಿಗ್ತದ, ಆ ಚೂರು ಅದರಾಗ ನೆನಸಿ, ಮ್ಯಾಲೆ ಶೇಂಗಾ ಚಟ್ನಿ ಹಾಕ್ಕೊಂಡು, ನಾವು ಮೂರು ಮಂದಿ ಹುಡುಗಿಯರು ಹದಿನೈದು ದಿನ ಉಂಡ್ವಿ.