ತುರುಬು ಕಟ್ಟುವಷ್ಟು ಕೈ ಏಳಬೇಕು

ಓದುಗರ ಪ್ರಶ್ನೆ, ಫಿಜಿಯೋಥೆರಪಿಸ್ಟ್ ಉತ್ತರ

*ಅಕ್ಕಾರಿಗೆ ನಮಸ್ಕಾರ. ನಾನು ಗುಳೇದಗುಡ್ಡದಾಕಿ, ವಯಸ್ಸು 52. ನಮ್ಮನಿಯವರು ಮಗ್ಗ ನೇಯ್ತಾರ, ನಾ ನೂಲಿನ ಕಂಡಿಕಿ ಸುತ್ತತೀನಿ. ಎಂಟು ವರ್ಷದಿಂದ ಶುಗರ್ ಐತಿ. ಯುಗಾದಿ ಮುಂದ ಬಲಗಡೆ ಹೆಗಲು ನೋಯಾಕ ಸುರು ಆತು. ಈಗ ಕೈ ಮ್ಯಾಲೆ ಏಳವಲ್ದು. ತುರುಬು ಸೈತ ಸೊಸಿನ ಕಟ್ಟಬೇಕು. ರಾತ್ರಿ ಬಲಮಗ್ಗಲಾದ್ರ ಎಚ್ಚರ ಆಕ್ಕೈತಿ. ಡಾಕ್ಟರು ಎಕ್ಸ್‌ರೇ ತಗಸಿ ಎಲುಬು ಚಲೋ ಐತಿ ಅಂದ್ರು, ಚೀಟಿ ಮ್ಯಾಲೆ ಫಿಜಿಯೋಥೆರಪಿ ಅಂತ ಬರದ್ರು. ಒಂದು ಕಡೆ ದಿನಾ 250 ರೂಪಾಯಿ ಕೊಟ್ಟು ಹತ್ತು ದಿನ ಹೋದೆ. ಮಲಗಿಸಿ ಹೆಗಲಿಗೆ ಕರೆಂಟಿನ ಪಟ್ಟಿ ಹಚ್ಚತಿದ್ರು, ಇಪ್ಪತ್ತು ನಿಮಿಷಕ್ಕ ಮಷಿನ್ ಕೂಗಿದ್ರ ಎದ್ದು ಬರೋದು. ಯಾರೂ ಕೈ ಎತ್ತಿ ನೋಡಲಿಲ್ಲ. ಓಣ್ಯಾಗಿನವರು ಎಣ್ಣಿ ಹಚ್ಚಿ ತಿಕ್ಕಿ ಜಗ್ಗೋರ ಹತ್ರ ಹೋಗು ಅಂತಾರ. ಫಿಜಿಯೋಥೆರಪಿ ಅಂದ್ರ ಕರೆಂಟ್ ಕೊಡೋದೋ, ತಿಕ್ಕೋದೋ? ಖರೇ ಮಾಡೋರನ್ನ ಹೆಂಗ ಹುಡುಕೋದು?*

ಅಕ್ಕಾರೇ, ‘ಯಾರೂ ಕೈ ಎತ್ತಿ ನೋಡಲಿಲ್ಲ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಬಹಳ ಸಂಕಟವಾಯಿತು. ನೋಡುವುದೇ ನಮ್ಮ ಕೆಲಸದ ಮೊದಲ ಅರ್ಧ. ಅದನ್ನು ಬಿಟ್ಟು ಪಟ್ಟಿ ಹಚ್ಚಿದರೆ ನೀವು ಕೊಟ್ಟ ದುಡ್ಡು ಮಷಿನ್ನಿನ ಬಾಡಿಗೆ ಆಗುತ್ತದೆ, ಅಷ್ಟೇ.

ನಾನು ವಿಜಯಪುರದಲ್ಲಿ 24 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನೀವು ನನ್ನ ಹತ್ತಿರ ಬಂದಿದ್ದರೆ ಏನೇನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಬೇರೆ ಕಡೆ ಹೋದಾಗ ಅದಕ್ಕೆ ತಾಳೆ ಹಾಕಿ ನೋಡಿ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ನಿಮ್ಮನ್ನು ನೋಡುತ್ತೇನೆ. ಸೆರಗು ಯಾವ ಕೈಯಿಂದ ಸರಿಮಾಡಿಕೊಂಡಿರಿ, ಬಲಗೈಯನ್ನು ಹೊಟ್ಟೆಗೆ ಅವಚಿಕೊಂಡು ನಡೆದಿರೋ ಬೀಸಿಕೊಂಡು ನಡೆದಿರೋ, ಇದೆಲ್ಲ ನನಗೆ ಬೇಕು. ಆಮೇಲೆ ಕೂತು ಕೇಳುತ್ತೇನೆ: ಕಂಡಿಕೆ ಸುತ್ತುವ ರಾಟಿಯ ಹಿಡಿ ಯಾವ ಎತ್ತರಕ್ಕಿದೆ, ದಿನಕ್ಕೆ ಎಷ್ಟು ತಾಸು ತಿರುಗಿಸುತ್ತೀರಿ, ಬಿದ್ದಿದ್ದಿರಾ, ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಕಡೆಗೆ ಯಾವಾಗ ಮಾಡಿಸಿದಿರಿ. ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆಯೇ ಅಂತಲೂ ಕೇಳುತ್ತೇನೆ. ಹೆಗಲ ನೋವೆಲ್ಲ ಹೆಗಲಿಂದಲೇ ಬರುವುದಿಲ್ಲ. ಅನುಮಾನ ಬಂದರೆ ನಾನು ಕೈ ಮುಟ್ಟುವುದಿಲ್ಲ, ಡಾಕ್ಟರ ಹತ್ತಿರ ವಾಪಸ್ ಕಳಿಸುತ್ತೇನೆ.

ಇನ್ನು ಕೈ. ಮೊದಲು ನೀವೇ ಎತ್ತಬೇಕು. ಆಮೇಲೆ ನೀವು ಕೈ ಸಡಿಲ ಬಿಡಿ, ನಾನು ಎತ್ತುತ್ತೇನೆ. ಇವೆರಡರ ನಡುವಿನ ವ್ಯತ್ಯಾಸದಲ್ಲಿ ಬಹಳ ಸಂಗತಿ ಇದೆ. ನೀವು ಎತ್ತಿದರೆ ಏಳದ ಕೈ ನಾನು ಎತ್ತಿದಾಗ ಸಲೀಸಾಗಿ ಮೇಲೆ ಹೋದರೆ ಸ್ನಾಯುವಿನ ನಾರು ಹರಿದಿರಬಹುದು ಅಂತ ಯೋಚಿಸುತ್ತೇನೆ. ನಾನು ಎತ್ತಿದರೂ ಅಲ್ಲೇ ಗಕ್ಕನೆ ನಿಂತರೆ, ಮೊಳಕೈ ಪಕ್ಕೆಗೆ ಹಚ್ಚಿ ಮುಂಗೈಯನ್ನು ಹೊರಗೆ ತಿರುಗಿಸಲು ಹೋದಾಗ ಬಾಗಿಲಿಗೆ ಅಗಳಿ ಹಾಕಿದಂತೆ ಆದರೆ, ಕೀಲನ್ನು ಸುತ್ತಿಕೊಂಡಿರುವ ಚೀಲ ಬಿಗಿದುಕೊಂಡಿದೆ ಅಂತ ಅರ್ಥ. ಇದಕ್ಕೆ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ. ಆ ಚೀಲ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೇ ಎಲುಬು ಚಲೋ ಇದೆ ಅಂದಿದ್ದಾರೆ. ನಿಮ್ಮ ವಯಸ್ಸು, ಶುಗರ್, ರಾತ್ರಿಯ ನೋವು ನೋಡಿದರೆ ಅದೇ ಇರಬೇಕು ಅನಿಸುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಉಳಿದವರಿಗಿಂತ ಹೆಚ್ಚು ಬರುತ್ತದೆ. ಆದರೆ ಪತ್ರ ಓದಿ ಹೆಗಲು ಪರೀಕ್ಷೆ ಮಾಡಲಾಗದು. ಕೈ ಮುಟ್ಟಿಯೇ ಹೇಳಬೇಕು.

ಆಮೇಲೆ ಅಳತೆ. ಗೋನಿಯೋಮೀಟರ್ ಅಂತ ಎರಡು ಪಟ್ಟಿ ಕೂಡಿಸಿದ ಸಣ್ಣ ಸಾಧನ ಇರುತ್ತದೆ, ಶಾಲೆಯ ಕೋನಮಾಪಕದ ಅಣ್ಣ. ಚಲೋ ಇದ್ದ ಕೈ ಮುಂದಿನಿಂದ ತಲೆಯ ಮೇಲೆ ಹೋಗುವುದು ಸುಮಾರು 180 ಡಿಗ್ರಿ. ನಿಮ್ಮದು 90ಕ್ಕೆ ನಿಂತರೆ 90 ಅಂತ ತಾರೀಖು ಹಾಕಿ ಬರೆಯುತ್ತೇನೆ. ಪಕ್ಕದಲ್ಲಿ ನಿಮ್ಮ ಮಾತಿನಲ್ಲೇ ಗುರಿ ಬರೆಯುತ್ತೇನೆ: ತುರುಬು ಕಟ್ಟಬೇಕು. ಮೂರು ವಾರಕ್ಕೆ ಮತ್ತೆ ಅಳೆದಾಗ ಅಂಕಿ ಕದಲದಿದ್ದರೆ ನಾನು ದಾರಿ ಬದಲಿಸಬೇಕು, ಇಲ್ಲವೇ ನಿಮ್ಮ ಡಾಕ್ಟರ ಜೊತೆ ಮಾತಾಡಬೇಕು. ಕೀಲಿಗೆ ಇಂಜೆಕ್ಷನ್ ಬೇಕೋ ಬೇಡವೋ ಅವರು ಹೇಳುತ್ತಾರೆ. ಸ್ಟೀರಾಯ್ಡ್ ಇಂಜೆಕ್ಷನ್ ಆದರೆ ಕೆಲವು ದಿನ ಶುಗರ್ ಏರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ಮಾತ್ರೆ ಬರೆಯುವುದು, ಇಂಜೆಕ್ಷನ್ ಕೊಡುವುದು ಫಿಜಿಯೋ ಕೆಲಸವಲ್ಲ. ಹಾಗೆ ಮಾಡುವವರು ಸಿಕ್ಕರೆ ಎದ್ದು ಬನ್ನಿ.

ಕರೆಂಟಿನ ಬಗ್ಗೆ ಕೇಳಿದಿರಿ. ಅದು ಸುಳ್ಳಲ್ಲ. ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ತಗ್ಗಿದ ಆ ಹೊತ್ತಿನಲ್ಲಿ ಕೀಲನ್ನು ಆಡಿಸಿಕೊಳ್ಳಬೇಕು, ಅದಕ್ಕಾಗಿಯೇ ಕೊಡುವುದು. ಬಿಗಿದ ಚೀಲ ಬರೀ ಕರೆಂಟಿಗೆ ಸಡಿಲವಾಗುವುದಿಲ್ಲ. ಎಣ್ಣೆ ತಿಕ್ಕಿಸಿಕೊಂಡರೆ ಹಿತ ಅನಿಸುತ್ತದೆ, ಸೊಸೆಯ ಕೈಯಿಂದ ಮೆಲ್ಲಗೆ ತಿಕ್ಕಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಜಗ್ಗಿಸಿಕೊಳ್ಳುವುದು ಮಾತ್ರ ಖಂಡಿತ ಬೇಡ. ನೋವಿನ ದಿನಗಳಲ್ಲಿ ಜಗ್ಗಿದರೆ ಚೀಲ ಇನ್ನೂ ಉರಿಯುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿ ಎಲುಬು ಹಗುರಾಗಿರುತ್ತದೆ, ಜೋರಾಗಿ ಜಗ್ಗಿ ಮುರಿದದ್ದೂ ಉಂಟು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಅವ್ವ ಕಾರಣ. ನಾನು ಪಿಯುಸಿಯಲ್ಲಿದ್ದಾಗ ಆಕೆ ಹಿತ್ತಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಒಂದು ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿ ಕೈಯನ್ನು ಕೊರಳಿಗೆ ಕಟ್ಟಿ ಕಳಿಸಿದರು. ‘ಬೆರಳು ಆಡಸ್ತಿರವ್ವಾ, ದಿನಾ ಹೆಗಲು ಎತ್ತು’ ಅಂತ ಯಾರೂ ಹೇಳಲಿಲ್ಲ. ಆರು ವಾರಕ್ಕೆ ಪ್ಲಾಸ್ಟರ್ ತೆಗೆದಾಗ ಎಲುಬು ಕೂಡಿತ್ತು, ಬೆರಳು ಮಡಚುತ್ತಿರಲಿಲ್ಲ, ಮುರಿಯದೇ ಇದ್ದ ಹೆಗಲೂ ಹಿಡಿದುಕೊಂಡಿತ್ತು. ಆಮೇಲೆ ಒಬ್ಬರು ಮನೆಗೇ ಬಂದು ಜಗ್ಗಿದರು. ಅವತ್ತು ಅವ್ವ ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಕೆಯ ಬಲಗೈ ಮತ್ತೆ ರೊಟ್ಟಿ ಬಡಿಯಲಿಲ್ಲ. ಎರಡು ಮಾತು ಹೇಳುವವರು ಇದ್ದಿದ್ದರೆ ಸಾಕಾಗಿತ್ತು.

ಹುಡುಕುವುದು ಹೇಗೆ? ಫಿಜಿಯೋಥೆರಪಿಯಲ್ಲಿ ಬಿಪಿಟಿ ಅಂತ ಪದವಿ ಇದೆ, ನಾವೆಲ್ಲ ಓದಿದ್ದು ನಾಲ್ಕು ವರ್ಷ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಎಂಪಿಟಿ ಅಂದರೆ ಅದರ ಮೇಲೆ ಇನ್ನೆರಡು ವರ್ಷ. ಬೋರ್ಡಿನ ಮೇಲೆ ಈ ಅಕ್ಷರ ಇವೆಯೇ ನೋಡಿ, ಇಲ್ಲದಿದ್ದರೆ ‘ನೀವು ಎಲ್ಲಿ ಕಲಿತೀರಿ?’ ಅಂತ ಬಾಯಿಬಿಟ್ಟು ಕೇಳಿ. ಕಲಿತವರು ಇದಕ್ಕೆ ಸಿಟ್ಟಾಗುವುದಿಲ್ಲ. 2021ರಲ್ಲಿ ಸಂಸತ್ತು ಮಾಡಿದ ಕಾನೂನಿನಿಂದ ನಮ್ಮ ವೃತ್ತಿಗೂ ರಾಷ್ಟ್ರೀಯ ಆಯೋಗ, ರಾಜ್ಯ ಮಂಡಳಿ, ನೋಂದಣಿ ಅನ್ನುವ ವ್ಯವಸ್ಥೆ ಬಂದಿದೆ. ನಿಮಗೆ ಹತ್ತಿರ ಬಾಗಲಕೋಟೆ. ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಅಲ್ಲಿಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ. ಬೆಳಗಾವಿ ಕಡೆ ಯಾರಾದರೂ ಇದ್ದರೆ ಕೆಎಲ್‌ಇಯ ಫಿಜಿಯೋಥೆರಪಿ ಕಾಲೇಜು ಇದೆ. ಕಲಿಯುವ ಹುಡುಗ ಹುಡುಗಿಯರು ನೋಡುತ್ತಾರೆ ಅಂತ ಹಿಂಜರಿಯಬೇಡಿ. ಕಾಲೇಜಿನಲ್ಲಿ ಅವರ ಹಿಂದೆ ಮೇಷ್ಟ್ರು ನಿಂತಿರುತ್ತಾರೆ, ಹುಡುಗರು ಪ್ರಶ್ನೆಯನ್ನೂ ಜಾಸ್ತಿ ಕೇಳುತ್ತಾರೆ, ನಿಮಗೆ ಬೇಕಾಗಿರುವುದೂ ಅದೇ.

ಹೋದ ದಿನ ಮೂರು ಮಾತು ಕೇಳಿ. ನನಗೆ ಏನಾಗಿದೆ? ಮನೆಯಲ್ಲಿ ಏನು ಮಾಡಲಿ? ಎಷ್ಟು ದಿನಕ್ಕೆ ಏನು ಬದಲಾಗಬೇಕು? ಮೂರಕ್ಕೂ ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರ ಬಂದರೆ ಅಲ್ಲೇ ಮುಂದುವರಿಸಿ. ಮೊದಲ ದಿನವೇ ‘ಒಂದು ತಿಂಗಳ ದುಡ್ಡು ಕಟ್ಟಿಬಿಡಿ’ ಅಂದರೆ ಕಟ್ಟಬೇಡಿ. ದಿನಾ ಬಸ್ಸಿಗೆ ಬಂದರೆ ಕಂಡಿಕೆ ಸುತ್ತುವ ಕೂಲಿ ಹೋಗುತ್ತದೆ ಅಂತ ಸಂಕೋಚ ಬಿಟ್ಟು ಹೇಳಿ. ವಾರಕ್ಕೊಮ್ಮೆ ಬರುವ ಹಾಗೆ, ನಡುವಿನ ದಿನ ಮನೆಯಲ್ಲೇ ಮಾಡುವ ಹಾಗೆ ಹೊಂದಿಸಿ ಕೊಡುತ್ತಾರೆ.

ಅಲ್ಲಿಗೆ ಹೋಗುವ ತನಕ ಇಷ್ಟು ಮಾಡಿ. ಎಡಗೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ಬಲಗೈ ಜೋತು ಬೀಳಲಿ, ಖಾಲಿ ತೊಟ್ಟಿಲು ತೂಗಿದಷ್ಟು ಹಗುರಾಗಿ ಹಿಂದೆ ಮುಂದೆ ಆಡಿಸಿ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಇರುವೆ ಹತ್ತಿದಂತೆ ಮೇಲೆ ಹತ್ತಿಸಿ, ಎಲ್ಲಿಗೆ ನಿಂತಿತೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಮೊಳಕೈ ಎರಡೂ ಪಕ್ಕೆಗೆ ಹಚ್ಚಿ ಲಟ್ಟಣಿಗೆಯ ಎರಡು ತುದಿ ಹಿಡಿದು, ಎಡಗೈಯಿಂದ ಬಲಗೈಯನ್ನು ಮೆಲ್ಲಗೆ ಹೊರಗೆ ನೂಕಿ. ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಾಡುವಾಗ ಸ್ವಲ್ಪ ನೋಯಬಹುದು, ಅರ್ಧ ತಾಸಿನೊಳಗೆ ಇಳಿಯಬೇಕು. ಆ ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಅರ್ಧಕ್ಕೆ ಇಳಿಸಿ. ಬಿಸಿನೀರಿನ ಶಾಖ ಕೊಡುವ ಮೊದಲು ಎಡಗೈಯಿಂದ ಬಿಸಿ ನೋಡಿಕೊಳ್ಳಿ, ನಡುವೆ ಬಟ್ಟೆ ಇರಲಿ. ಶುಗರ್ ಇದ್ದವರಿಗೆ ಸುಟ್ಟದ್ದೂ ತಿಳಿಯದೆ ಹೋಗುತ್ತದೆ.

ಇದು ಬೇಗ ಹೋಗುವ ಕಾಯಿಲೆಯಲ್ಲ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ಸಡಿಲು, ಹೀಗೆ ಒಂದರಿಂದ ಮೂರು ವರ್ಷ ಹಿಡಿಯುತ್ತದೆ. ಶುಗರ್ ಹಿಡಿತದಲ್ಲಿಲ್ಲದಿದ್ದರೆ ಇನ್ನೂ ತಡ. ಗೋಡೆಯ ಮೇಲಿನ ಗೆರೆ ತಿಂಗಳಿಗೆ ನಾಲ್ಕು ಬೆರಳು ಮೇಲೆ ಹೋದರೂ ಅದು ದೊಡ್ಡದೇ.

*ನಮ್ಮಪ್ಪಗ ಲಕ್ವಾ ಹೊಡದು ನಾಕು ತಿಂಗಳಾತ್ರಿ, ಎಡಗೈ ಎಡಗಾಲು. ಮೂರು ತಿಂಗಳು ದಾಟಿದ ಮ್ಯಾಲೆ ಏನೂ ಸುಧಾರಸಂಗಿಲ್ಲ ಅಂತ ಒಬ್ರು ಅಂದ್ರು. ಖರೇನ್ರೀ? ವಿಜಯಪುರಕ್ಕ ದಿನಾ ಕರಕೊಂಡು ಬರಾಕ ಆಗಂಗಿಲ್ಲ. ನಾ ಮತ್ತ ತಮ್ಮ ಎರಡೂ ರಟ್ಟಿ ಹಿಡದು ಎಬ್ಬಸ್ತೀವಿ, ಎಡ ಹೆಗಲು ಬಾಳ ನೋಯ್ತೈತಿ ಅಂತಾರ. — ಸಿಂದಗಿ ತಾಲ್ಲೂಕಿನಿಂದ ಮಗ*

ತಮ್ಮಾ, ರಟ್ಟೆ ಹಿಡಿದು ಎಬ್ಬಿಸುವುದನ್ನು ಇವತ್ತೇ ಬಿಡು. ಲಕ್ವಾ ಹೊಡೆದ ಕಡೆಯ ಸ್ನಾಯುಗಳು ಸೋತಿರುತ್ತವೆ, ಹೆಗಲಿನ ಗುಂಡನ್ನು ಕುಳಿಯಲ್ಲಿ ಹಿಡಿದಿಡುವ ಬಲ ಅವಕ್ಕಿಲ್ಲ. ನೀವು ಜಗ್ಗಿದಷ್ಟೂ ಅದು ಕೆಳಗೆ ಸರಿಯುತ್ತದೆ. ಅಪ್ಪನನ್ನು ಮಂಚದ ಅಂಚಿಗೆ ಕೂರಿಸು, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ, ಹಿಮ್ಮಡಿ ಸ್ವಲ್ಪ ಹಿಂದಿರಲಿ. ಟೊಂಕಕ್ಕೆ ಧೋತರ ಮಡಚಿ ಬಿಗಿಯಾಗಿ ಸುತ್ತಿ ಅದನ್ನು ಹಿಡಿ, ಎಡಗಡೆ ನಿಲ್ಲು. ‘ಅಪ್ಪಾ, ಮೂಗು ಮುಂದ ತಾ’ ಅನ್ನು. ಮೈ ಮುಂದೆ ಬಂದರೆ ಅರ್ಧ ಭಾರ ಅವರೇ ಎತ್ತುತ್ತಾರೆ. ಮಂಚ ತಗ್ಗಾಗಿದ್ದರೆ ಅದರ ಕಾಲಿಗೆ ಇಟ್ಟಂಗಿ ಕೊಡು, ಅಲುಗಾಡದ ಹಾಗೆ ನೋಡಿಕೊ. ಹೀಗೆ ಏಳುವುದು ಕೂರುವುದು ಮುಂಜಾನೆ ಹತ್ತು, ಸಂಜೆ ಹತ್ತು. ಅವರಿಗೆ ಇದೇ ದೊಡ್ಡ ವ್ಯಾಯಾಮ. ಕೂತಾಗ ಎಡಗೈ ಜೋಲಾಡದಂತೆ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲಿಡು.

ಮೂರು ತಿಂಗಳ ಮಾತು ಅರ್ಧ ಖರೇ. ಮೊದಲ ಮೂರು ತಿಂಗಳು ಸುಧಾರಣೆಯ ವೇಗ ಜಾಸ್ತಿ. ಆಮೇಲೆ ನಿಧಾನವಾಗುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ. ಎರಡನೇ ವರ್ಷದಲ್ಲಿ ಚಹಾದ ಕಪ್ಪು ಹಿಡಿಯಲು ಕಲಿತವರನ್ನು ನಾನೇ ನೋಡಿದ್ದೇನೆ, ಅವತ್ತು ಅವರ ಹೆಂಡತಿ ಅತ್ತುಬಿಟ್ಟರು. ಯಾವ ಕೆಲಸ ಬೇಕೋ ಅದನ್ನೇ ನೂರಾರು ಸಲ ಮಾಡಿಸಬೇಕು.

ದಿನಾ ಬರಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಬಾ, ಆದರೆ ನೀನೂ ತಮ್ಮನೂ ಇಬ್ಬರೂ ಬನ್ನಿ. ಎಬ್ಬಿಸುವುದು, ನಡೆಸುವುದು ನಮಗೇ ಕಲಿಸಿ ಕೊಡಿ ಅಂತ ಫಿಜಿಯೋಗೆ ಹೇಳು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲು ಬಿಡಿ ಅಂತ ಕೇಳು. ನಿಮ್ಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ವಾಕರ್, ಗಾಲಿಕುರ್ಚಿ, ಅಂಗವಿಕಲರ ಗುರುತಿನ ಕಾರ್ಡು ಇತ್ಯಾದಿಗೆ ಅವರನ್ನು ಕಾಣು. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಬೇಗ ಹೇಳಬೇಕು, ತಡ ಮಾಡಬೇಡ.

*ಮೊಳಕಾಲು ಸವದಾವು ಅಂದಾರ. ನಡದ್ರ ಇನ್ನೂ ಸವಿತಾವೇನ್ರಿ? — ಅಥಣಿ, 60 ವರ್ಷ*

ಇಲ್ಲ ಅವ್ವಾ, ಕೀಲು ಬಂಡಿಯ ಅಚ್ಚಿನ ಹಾಗಲ್ಲ. ನಡೆಯದೆ ಕೂತರೆ ತೊಡೆ ಸೊರಗಿ ಭಾರವೆಲ್ಲ ಮೊಳಕಾಲಿಗೆ ಬೀಳುತ್ತದೆ. ಸಮನೆಲದ ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ. ಮಂಚದ ಮೇಲೆ ಕಾಲು ಚಾಚಿ, ಮೊಳಕಾಲ ಕೆಳಗೆ ಟವಲ್ ಸುತ್ತಿಟ್ಟು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ, ದಿನಕ್ಕೆ ಎರಡು ಹೊತ್ತು, ಹದಿನೈದು ಸಲ. ನೋವು ಇಳಿಯುವ ತನಕ ರೊಟ್ಟಿ ಬಡಿಯುವುದು ಕಟ್ಟೆಯ ಮೇಲೆ, ನಿಂತುಕೊಂಡು. ಇವತ್ತು ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಏಳಲು ಆಗುತ್ತದೆ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಎರಡು ತಿಂಗಳಿಗೆ ಮತ್ತೆ ಎಣಿಸಿ, ಎರಡೂ ಅಂಕಿ ನನಗೆ ಬರೆದು ಕಳಿಸಿ.