ಅಡಿಕೆ ಸಂಶೋಧನಾ ಕೇಂದ್ರದ ವಾರ್ಷಿಕ ವರದಿಯನ್ನು ಬೆಳೆಗಾರರು ನಂಬಬೇಕಾದರೆ ಅದರಲ್ಲಿ ಏನಿರಬೇಕು?

ಮೊದಲು ಬೇಕಾದದ್ದು ಸೋತ ಪ್ರಯೋಗಗಳ ಲೆಕ್ಕ. ತೀರ್ಥಹಳ್ಳಿ, ಹೊಸನಗರದ ಬೆಳೆಗಾರರು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ಕಣ್ಣಾರೆ ಕಂಡವರು. ಗೆದ್ದದ್ದನ್ನಷ್ಟೇ ಅಚ್ಚು ಹಾಕಿದ ವರದಿ ಅವರಿಗೆ ಜಾಹೀರಾತಿನಂತೆಯೇ ಕಾಣುತ್ತದೆ.

ಈ ರೋಗ ತಡೆಯಲು ಹೊಡೆಯುವ ಔಷಧಿಯ ಬಗ್ಗೆ ‘ಶೇ 1ರ ಬೋರ್ಡೋ ದ್ರಾವಣ ಪರಿಣಾಮಕಾರಿ’ ಎಂಬ ಒಂದು ಸಾಲು ಸಾಲದು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಅಳತೆ ಎಲ್ಲರಿಗೂ ಗೊತ್ತು. ಎಷ್ಟು ಮರಕ್ಕೆ ಹೊಡೆದರು, ಯಾವ ತಾರೀಖು, ಎರಡು ಸಿಂಪಡಣೆಯ ನಡುವೆ ಎಷ್ಟು ದಿನ, ಆಗ ಬಿದ್ದ ಮಳೆ ಎಷ್ಟು ಮಿ.ಮೀ., ಔಷಧಿ ಹೊಡೆಯದೆ ಬಿಟ್ಟ ಮರಗಳಲ್ಲಿ ಉದುರಿದ್ದೆಷ್ಟು ಎಂಬುದು ಬೇಕು. ‘ಅರ್ಧದಷ್ಟು ಇಳಿಕೆ’ ಎಂದು ಬರೆಯುವುದಂತೂ ತಪ್ಪು ದಾರಿ. ಉದುರುವಿಕೆ ಶೇ 40ರಿಂದ 20ಕ್ಕೆ ಇಳಿದರೂ ಅರ್ಧ, 4ರಿಂದ 2ಕ್ಕೆ ಇಳಿದರೂ ಅರ್ಧ. ಕೂಲಿ ಕೊಟ್ಟು ಮರ ಹತ್ತಿಸುವವರಿಗೆ ಇವೆರಡೂ ಒಂದಲ್ಲ.

ಪ್ರಯೋಗಕ್ಕೆ ಔಷಧಿ ಕಂಪನಿ ದುಡ್ಡು ಕೊಟ್ಟಿದ್ದರೆ ಅದನ್ನು ಫಲಿತಾಂಶದ ಪಕ್ಕದಲ್ಲೇ ಹೇಳಬೇಕು, ಕೊನೆಯ ಪುಟದಲ್ಲಲ್ಲ. ಸರ್ಕಾರಿ ಸಂಸ್ಥೆಯಾದರೆ ಬಜೆಟ್, ವೆಚ್ಚದ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ.

ಹೆಚ್ಚು ಎಡವುವುದು ಸಮಯದಲ್ಲಿ. ಲೆಕ್ಕಪರಿಶೋಧನೆಗೆ ಕಾಯುತ್ತ ಕೂತರೆ ಮುಂಗಾರು ಮುಗಿದಿರುತ್ತದೆ. ತೋಟದ ಫಲಿತಾಂಶವನ್ನು ಕನ್ನಡದಲ್ಲಿ, ಮೊದಲ ಸಿಂಪಡಣೆಗೆ ಮುಂಚೆ, ಮೇ ತಿಂಗಳಲ್ಲೇ ಸಹಕಾರ ಸಂಘಗಳಿಗೆ ತಲುಪಿಸಿ. ಹಣದ ಲೆಕ್ಕ ಆಮೇಲೆ ಬರಲಿ. ಹಿಂದಿನ ವರ್ಷ ಕೊಟ್ಟ ಸಲಹೆ ತಪ್ಪಾಗಿದ್ದರೆ ತಿದ್ದುಪಡಿ ಮೊದಲ ಪುಟದಲ್ಲಿರಲಿ, ಯಾಕೆ ತಪ್ಪಾಯಿತು ಎಂಬುದರ ಸಮೇತ.